ತಂತಿಯೊಳಗಿನ ಓಟ ಕಂಡ ವಿದ್ಯಾರ್ಥಿಗಳು

ಅಮೆರಿಕದ ಬೌಲ್ಡರ್‌ನಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಯೋಗ ತರಗತಿ. ಕೆಲವು ವಿದ್ಯಾರ್ಥಿಗಳಿಗೆ ನಿಜವಾದ ಬ್ಯಾಟರಿ, ಬಲ್ಬು, ತಂತಿ ಕೊಟ್ಟರು. ಉಳಿದವರಿಗೆ ಅವೇ ಸಾಮಾನು ಕಂಪ್ಯೂಟರ್ ಪರದೆಯ ಮೇಲೆ. ಕಡೆಗೆ ಎಲ್ಲರ ಕೈಗೂ ನಿಜವಾದ ಸಾಮಾನು ಕೊಟ್ಟು, ವಿದ್ಯುನ್ಮಂಡಲ ಜೋಡಿಸಿ ವಿವರಿಸಿ ಎಂದರು. ಪರದೆಯಲ್ಲಿ ಕಲಿತವರೇ ಮುಂದಿದ್ದರು! ಸಂಶೋಧಕ ನೋವಾ ಫಿಂಕೆಲ್‌ಸ್ಟೈನ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಪ್ರಕಟಿಸಿದರು.

ಕೈಯಿಂದ ಮಾಡದೆ ವಿಜ್ಞಾನ ಬಾರದು ಎಂದು ನಂಬಿದವರಿಗೆ ಇದು ನುಂಗಲಾರದ ತುತ್ತು. ಆದರೆ ಕಾರಣ ಸ್ಪಷ್ಟವಿದೆ. ತಂತಿ ಹಿಡಿದ ವಿದ್ಯಾರ್ಥಿಗೆ ಅದರ ಹೊದಿಕೆಯ ಬಣ್ಣಕ್ಕೂ ಏನೋ ಅರ್ಥವಿರಬೇಕೆಂಬ ಗೊಂದಲ. ಪರದೆಯಲ್ಲಾದರೋ ಎಲೆಕ್ಟ್ರಾನುಗಳ ಸಾಲೇ ಕಣ್ಣೆದುರು ಹರಿಯುತ್ತದೆ. ರೋಧ ಹೆಚ್ಚಿಸಿದರೆ ಓಟ ನಿಧಾನವಾಗುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಯಾರ ಕೈಯೂ ಸುಡುವುದಿಲ್ಲ. ಮಂಡಲದ ನಡುವೆ ಪೆನ್ಸಿಲ್ಲು, ನಾಣ್ಯ, ಕೊನೆಗೆ ನಾಯಿಯನ್ನೂ ಸೇರಿಸಿ ವಿದ್ಯುತ್ ಹರಿಯುತ್ತದೆಯೇ ನೋಡಬಹುದು.

ಪರದೆಯ ಮೇಲಿನ ಈ ಸಾಧನದ ಹಿಂದಿದ್ದವರು ಭೌತವಿಜ್ಞಾನಿ ಕಾರ್ಲ್ ವೀಮನ್. ಬೋಸ್–ಐನ್‌ಸ್ಟೈನ್ ಸಾಂದ್ರೀಕರಣವನ್ನು 1995ರಲ್ಲಿ ಸಾಧಿಸಿ, 2001ರ ನೊಬೆಲ್ ಹಂಚಿಕೊಂಡವರು. ಬಹುಮಾನದ ಹಣದಲ್ಲಿ ಒಂದು ಪಾಲನ್ನೂ ಹಾಕಿ 2002ರಲ್ಲಿ ಇಂಥ ಸಾಧನಗಳನ್ನು ರೂಪಿಸುವ ‘ಫೆಟ್’ ಯೋಜನೆ ಆರಂಭಿಸಿದರು. ಆ ತಂಡದ ಪದ್ಧತಿ ನನಗೆ ಅಚ್ಚುಮೆಚ್ಚು. ಹೊಸ ಸಾಧನವನ್ನು ವಿದ್ಯಾರ್ಥಿಯ ಮುಂದಿಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಆಡಿಸಲು ಬಿಡುತ್ತಿದ್ದರು. ಅವನು ಎಡವಿದಲ್ಲಿ ತಿದ್ದಬೇಕಾದದ್ದು ಸಾಧನವನ್ನು, ಅವನನ್ನಲ್ಲ.

ಮುಂದೆ ಬಂದದ್ದು ತಂತ್ರಜ್ಞಾನದ ನಿರ್ದಯ ಸರದಿ. ಇಂಥ ಸಾಧನಗಳು ಓಡುತ್ತಿದ್ದದ್ದು ಜಾವಾ, ಫ್ಲ್ಯಾಶ್ ತಂತ್ರಾಂಶಗಳ ಮೇಲೆ. ಜಾವಾ ಆಪ್ಲೆಟ್‌ಗಳಿಗೆ ಬ್ರೌಸರ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ಜಗತ್ತಿನ ಎಷ್ಟೋ ಶಿಕ್ಷಕರು ರಾತ್ರಿಯೆಲ್ಲ ಕೂತು ಮಾಡಿದ ಪಾಠಗಳು ತೆರೆಯದ ಕಡತಗಳಾದವು. ಅವು ತಪ್ಪಾಗಿರಲಿಲ್ಲ, ಹಳತೂ ಆಗಿರಲಿಲ್ಲ. ಹೊಸ ರೂಪಕ್ಕೆ ತರುವವರು ಇರಲಿಲ್ಲ, ಅಷ್ಟೆ. ಈ ನಷ್ಟ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಫೆಟ್ ತಂಡ ಮಾತ್ರ ವರ್ಷಗಟ್ಟಲೆ ದುಡಿದು ತನ್ನ ಸಾಧನಗಳನ್ನು ಇಂದಿನ ಬ್ರೌಸರ್‌ಗಳಲ್ಲಿ ಓಡುವ ಎಚ್‌ಟಿಎಂಎಲ್5ಗೆ ಒಂದೊಂದಾಗಿ ದಾಟಿಸಿತು. ಇಂದು ಅವು ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದ ಶಾಲೆಯಲ್ಲೂ ನಡೆಯುತ್ತವೆ. ಅನುವಾದಕರ ಶ್ರಮದಿಂದ ಹಲವು ಕನ್ನಡದಲ್ಲೂ ಇವೆ.

ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಉದ್ಘಾಟನೆಗೆ ಸಿಗುವ ಉತ್ಸಾಹ, ಅದರಲ್ಲಿ ಓಡುವ ಪಾಠವನ್ನು ಐದು ವರ್ಷದ ನಂತರವೂ ಓಡಿಸುವ ಕೆಲಸಕ್ಕೆ ಸಿಗುವುದಿಲ್ಲ. ಪರದೆ ಕೊಳ್ಳುವ ಪ್ರತಿ ಬಜೆಟ್ಟಿನಲ್ಲೂ ಪಾಠ ತಿದ್ದುವವರ, ಕನ್ನಡಕ್ಕೆ ತರುವವರ ಸಂಬಳಕ್ಕೂ ಒಂದು ಸಾಲು ಇರಲಿ. ಹೊಸ ಸಾಧನವನ್ನು ಒಪ್ಪುವ ಮೊದಲು ಕೊಳ್ಳುವವರು ನಾಲ್ಕು ಮಕ್ಕಳನ್ನು ಅದರ ಮುಂದೆ ಕೂರಿಸಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಲಿ.