ಪ್ರಾಯದ ನಾಯಿಗೆ ತಕ್ಕ ಮನೆ

ನಾಯಿಗಳ ಶೆಲ್ಟರ್‌ಗೆ ಹೋದವರು ಮೊದಲು ನಿಲ್ಲುವುದು ಮರಿಗಳ ಮುಂದೆ. ಮಡಿಲಲ್ಲಿ ಕೂರುವ ಪುಟ್ಟ ನಾಯಿಗಳಿಗೂ ಬೇಗ ಮನೆ ಸಿಗುತ್ತದೆ. ಕೊನೆಗೆ ಉಳಿಯುವುದು ಒಂದು, ಒಂದೂವರೆ ವರ್ಷದ, 30 ಕಿಲೋ ತೂಗುವ, ಬಂದವರ ಎದೆಗೇ ಮುಂಗಾಲಿಟ್ಟು ಹಾರುವ ನಾಯಿ. ಅದಕ್ಕೆ ರೋಗವಿಲ್ಲ, ಕೆಟ್ಟ ಬುದ್ಧಿಯೂ ಇಲ್ಲ. ಇರುವುದು ಹರೆಯ ಮಾತ್ರ.

ಈ ವಯಸ್ಸಿನಲ್ಲಿ ನಾಯಿಯ ಮೈ ಬೆಳೆದಿರುತ್ತದೆ, ಬುದ್ಧಿ ಇನ್ನೂ ಮರಿಯದೇ. ಮರಿಯಾಗಿದ್ದಾಗ ಹಾರಿದರೆ ಮುದ್ದು ಮಾಡಿದ ಮನೆಯವರೇ ಈಗ ಬೈಯುತ್ತಾರೆ. ಓಡಲು ಜಾಗವಿಲ್ಲ, ಮಾಡಲು ಕೆಲಸವಿಲ್ಲ ಎಂದಾಗ ಅದು ಚಪ್ಪಲಿ ಕಚ್ಚುತ್ತದೆ, ಸೋಫಾ ಹರಿಯುತ್ತದೆ. ಒಂದು ದಿನ ಶೆಲ್ಟರ್ ಸೇರುತ್ತದೆ. ಅಲ್ಲಿ ಇಡೀ ದಿನ ಗೂಡಿನಲ್ಲಿ ಕೂತು ಚಡಪಡಿಕೆ ಇನ್ನೂ ಹೆಚ್ಚುತ್ತದೆ. ನೋಡಲು ಬಂದವರು ಹೆದರಿ ಮುಂದೆ ಹೋಗುತ್ತಾರೆ. ಹೀಗೆ ಅದರ ದಿನಗಳು ಉದ್ದವಾಗುತ್ತವೆ. ಜಾಗ ಸಾಲದ ಶೆಲ್ಟರ್‌ಗಳಲ್ಲಿ ಇಂಥ ನಾಯಿಯ ಪಾಲಿಗೆ ಅದು ಸಾವು ಬದುಕಿನ ಪ್ರಶ್ನೆ.

ಈ ಪ್ರಶ್ನೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಕಂಡುಕೊಂಡ ಉತ್ತರದಿಂದ ನಾವು ಕಲಿಯುವುದಿದೆ. ಅಲ್ಲಿನ ಪ್ರಾಣಿದಯಾ ಸಂಘ ಎಸ್‌ಪಿಸಿಎ ಹುಟ್ಟಿದ್ದು 1868ರಲ್ಲಿ. 1994ರಲ್ಲಿ, ರಿಚರ್ಡ್ ಅವಾಂಜಿನೊ ಅದರ ಮುಖ್ಯಸ್ಥರಾಗಿದ್ದಾಗ, ನಗರದ ಪ್ರಾಣಿ ಇಲಾಖೆಯೊಂದಿಗೆ ಒಂದು ಒಪ್ಪಂದ ಆಯಿತು. ದತ್ತು ಕೊಡಲು ಯೋಗ್ಯವಾದ ಯಾವ ನಾಯಿ, ಬೆಕ್ಕನ್ನೂ ಜಾಗವಿಲ್ಲವೆಂದು ಕೊಲ್ಲುವುದಿಲ್ಲ, ಇಲಾಖೆಗೆ ಮನೆ ಹುಡುಕಲಾಗದಿದ್ದರೆ ಸಂಘ ಹುಡುಕುತ್ತದೆ ಎಂಬುದು ಅದರ ಸಾರ. 1998ರಲ್ಲಿ ಸಂಘ ಹೊಸ ದತ್ತು ಕೇಂದ್ರ ತೆರೆಯಿತು. ಅಲ್ಲಿ ಕಬ್ಬಿಣದ ಗೂಡುಗಳ ಬದಲು ಸೋಫಾ, ಟೀವಿ ಇರುವ ಪುಟ್ಟ ಕೋಣೆಗಳಿದ್ದವು. ಗೂಡಿನಲ್ಲಿ ಹುಚ್ಚೆದ್ದು ಬೊಗಳುವ ನಾಯಿಯೇ ಮನೆಯಂಥ ಕೋಣೆಯಲ್ಲಿ ಕಾಲು ಚಾಚಿ ಮಲಗುತ್ತದೆ. ನೋಡುವವರಿಗೆ ಅದರ ನಿಜವಾದ ಸ್ವಭಾವ ಕಾಣುತ್ತದೆ.

ಇದಕ್ಕಿಂತ ಕಠಿಣ ಪರೀಕ್ಷೆ ಬಂದದ್ದು 2007ರಲ್ಲಿ. ಅಮೆರಿಕನ್ ಫುಟ್ಬಾಲ್ ತಾರೆ ಮೈಕೆಲ್ ವಿಕ್‌ಗೆ ಸೇರಿದ ವರ್ಜೀನಿಯಾದ ಜಾಗದಲ್ಲಿ ನಾಯಿ ಕಾಳಗದ ದಂಧೆ ಬಯಲಾಯಿತು. ಸುಮಾರು 50 ಪಿಟ್‌ಬುಲ್‌ಗಳು ಪೊಲೀಸರ ವಶವಾದವು. ಕಾಳಗದ ನಾಯಿಗಳನ್ನು ಸಾಯಿಸಿಬಿಡುವುದೇ ಅಲ್ಲಿಯವರೆಗಿನ ರೂಢಿ. ಈ ಸಲ ನ್ಯಾಯಾಲಯ ಕಾನೂನು ಪ್ರಾಧ್ಯಾಪಕಿ ರೆಬೆಕ್ಕಾ ಹಸ್ ಅವರನ್ನು ನಾಯಿಗಳ ಪರ ನೇಮಿಸಿತು. ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಲಾಯಿತು. ಹೆಚ್ಚಿನವು ಉಳಿದುಕೊಂಡವು. ಅವುಗಳ ಪಾಲನೆಗೆಂದು ವಿಕ್ 9 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೊಡಬೇಕಾಯಿತು.

ಬೇ ಏರಿಯಾದ ಓಕ್ಲೆಂಡಿನಲ್ಲಿರುವ ‘ಬ್ಯಾಡ್ ರ‍್ಯಾಪ್’ ಎಂಬ ಸಂಸ್ಥೆ ಅವುಗಳಲ್ಲಿ ಹಲವನ್ನು ತಂದು, ಈ ಜಾತಿಯ ನಾಯಿ ಸಾಕಿ ಗೊತ್ತಿರುವವರ ಮನೆಗಳಲ್ಲಿ ಇಟ್ಟಿತು. ಹೊರಗೆ ಸರಪಳಿಯಲ್ಲೇ ಬೆಳೆದ ನಾಯಿಗಳಿಗೆ ಮನೆಯೊಳಗಿನ ಸದ್ದು, ಮೆಟ್ಟಿಲು ಎಲ್ಲವೂ ಹೊಸತು. ಅವುಗಳಲ್ಲಿ ಜಾನಿ ಜಸ್ಟಿಸ್ ಎಂಬ ಕಪ್ಪು ಬಿಳಿ ನಾಯಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆ ಸಿಕ್ಕಿತು. ಮುಂದೆ ಅದು ಥೆರಪಿ ನಾಯಿಯಾಗಿ ತರಬೇತಿ ಮುಗಿಸಿತು. ಓದಲು ತಡವರಿಸುವ ಮಕ್ಕಳು ಅದರ ಪಕ್ಕ ಕೂತು ಗಟ್ಟಿಯಾಗಿ ಕಥೆ ಓದತೊಡಗಿದರು. ತಪ್ಪು ಓದಿದರೆ ನಗದೆ ಕೇಳಿಸಿಕೊಳ್ಳುವ ಶ್ರೋತೃ ಅದು!

ನಾಯಿಗೆ ಮನೆ ಹುಡುಕುವುದು ನಮ್ಮಲ್ಲಿ ಹುಡುಗ ಹುಡುಗಿಗೆ ಸಂಬಂಧ ನೋಡುವ ಹಾಗೆಯೇ. ಎರಡೂ ಕಡೆ ಒಳ್ಳೆಯವರಾದರೆ ಸಾಲದು, ಈಡುಜೋಡು ಆಗಬೇಕು. ಆದ್ದರಿಂದ ಒಳ್ಳೆಯ ಸಂಸ್ಥೆಗಳು ಕೊಡುವ ಮುಂಚೆ ಬಹಳ ಕೇಳುತ್ತವೆ. ಮನೆಯಲ್ಲಿ ಹಗಲು ಯಾರಿರುತ್ತಾರೆ? ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ? ತಳ್ಳಿದರೆ ಬೀಳುವ ಪುಟ್ಟ ಮಕ್ಕಳು, ವಯಸ್ಸಾದವರು ಇದ್ದಾರೆಯೇ? ಮೊದಲೇ ನಾಯಿಯಿದ್ದರೆ ಎರಡನ್ನೂ ಬೇರೆ ಜಾಗದಲ್ಲಿ ಭೇಟಿ ಮಾಡಿಸುತ್ತಾರೆ. ಕೆಲವು ವಾರ ‘ಫೋಸ್ಟರ್’ ಆಗಿ ಇಟ್ಟುಕೊಂಡು ನೋಡಲು ಬಿಡುವುದೂ ಉಂಟು. ಹೊಂದದಿದ್ದರೆ ತಂದೊಪ್ಪಿಸಬಹುದು. ಅದರಲ್ಲಿ ಅವಮಾನವೇನಿಲ್ಲ.

ದೊಡ್ಡ ಮನೆಯೇ ಬೇಕೆಂದೂ ಇಲ್ಲ. ದಿನಾ ಬೆಳಗ್ಗೆ ಓಡಲು ಹೋಗುವವರ ಎರಡು ಕೋಣೆಯ ಫ್ಲಾಟು, ನಾಯಿಯನ್ನು ಹಿತ್ತಲಿಗೆ ಬಿಟ್ಟು ಮರೆಯುವ ಬಂಗಲೆಗಿಂತ ಮೇಲು. ಬೇ ಏರಿಯಾದಲ್ಲಿ ಸಮುದ್ರದ ದಂಡೆಯ ಫೋರ್ಟ್ ಫನ್‌ಸ್ಟನ್, ರಿಚ್ಮಂಡಿನ ಪಾಯಿಂಟ್ ಇಸಬೆಲ್‌ನಂಥ ಕಡೆ ನಾಯಿಗಳನ್ನು ಲೀಶ್ ಬಿಚ್ಚಿ ಓಡಿಸಬಹುದು. ಓಟದ ಜೊತೆಗೆ ಮೂಗಿಗೂ ತಲೆಗೂ ಕೆಲಸ ಬೇಕು. ತಿಂಡಿ ಅಡಗಿಸಿ ಹುಡುಕಿಸುವ ಹತ್ತು ನಿಮಿಷದ ಆಟವೂ ಅದನ್ನು ಚೆನ್ನಾಗಿ ದಣಿಸುತ್ತದೆ.

ಕೆಲವು ನಾಯಿಗಳ ಚೈತನ್ಯಕ್ಕೆ ಯಾವ ಮನೆಯೂ ಸಾಲದು. ಅವುಗಳಿಗೆ ಉದ್ಯೋಗವೇ ಬೇಕು. ಕ್ಯಾಲಿಫೋರ್ನಿಯಾದ ನಿವೃತ್ತ ಶಿಕ್ಷಕಿ ವಿಲ್ಮಾ ಮೆಲ್ವಿಲ್ 1995ರ ಒಕ್ಲಹೋಮಾ ಬಾಂಬ್ ಸ್ಫೋಟದ ಅವಶೇಷಗಳಲ್ಲಿ ತಮ್ಮ ನಾಯಿಯೊಡನೆ ಹುಡುಕಾಟಕ್ಕೆ ಹೋಗಿದ್ದರು. ತರಬೇತಾದ ನಾಯಿಗಳು ತೀರಾ ಕಡಿಮೆ ಎಂದು ಕಂಡು, ಮರುವರ್ಷ ಶೋಧ ನಾಯಿಗಳ ಪ್ರತಿಷ್ಠಾನ ಕಟ್ಟಿದರು. ಅದು ಶೆಲ್ಟರ್‌ಗಳಲ್ಲಿ ಹುಡುಕುವುದು ಚೆಂಡಿಗಾಗಿ ಜೀವ ಬಿಡುವ, ಸುಮ್ಮನೆ ಕೂರಲಾಗದ ನಾಯಿಗಳನ್ನೇ. ತರಬೇತಿಯ ನಂತರ ಅವನ್ನು ಅಗ್ನಿಶಾಮಕ ಸಿಬ್ಬಂದಿಯ ಜೊತೆಗೂಡಿಸುತ್ತಾರೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಕಟ್ಟಡಗಳ ಅವಶೇಷ, 2015ರಲ್ಲಿ ನೇಪಾಳದ ಭೂಕಂಪ, ಎರಡೂ ಕಡೆ ಈ ನಾಯಿಗಳು ಹುಡುಕಾಡಿದವು. ಯಾರಿಗೂ ಬೇಡವಾಗಿದ್ದ ಗುಣವೇ ಅಲ್ಲಿ ಬೇಕಾದ ಗುಣವಾಯಿತು.

ಈ ಮಾತು ಕೊಲ್ಲಿ ನಾಡಿನ ನಮಗೂ ಸಲ್ಲುತ್ತದೆ. 2022ರಲ್ಲಿ ‘777 ಚಾರ್ಲಿ’ ನೋಡಿ ನಾವೆಲ್ಲ ನಕ್ಕೆವು, ಕಣ್ಣೊರೆಸಿಕೊಂಡೆವು. ಚಿತ್ರಮಂದಿರದಲ್ಲಿ ಚಾರ್ಲಿಯ ತುಂಟಾಟ ಸುಮಾರು ಎರಡೂಮುಕ್ಕಾಲು ಗಂಟೆಯದು. ಮನೆಗೆ ತಂದ ಲ್ಯಾಬ್ರಡಾರ್ ಹತ್ತು ಹನ್ನೆರಡು ವರ್ಷದ ಜವಾಬ್ದಾರಿ. ಇಲ್ಲಿನ ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನ ಹೊರಗೆ ಕರೆದೊಯ್ಯದಿದ್ದರೆ ಕಾದ ನೆಲಕ್ಕೆ ಅದರ ಅಂಗಾಲು ಸುಡುತ್ತದೆ. ನಮ್ಮ ವೀಸಾ ಕೆಲಸದ ಮೇಲೆ ನಿಂತಿದೆ. ಕೆಲಸ ಹೋದ ದಿನ ಸಾಮಾನು ಕಟ್ಟಬಹುದು, ನಾಯಿಯನ್ನು ಕಟ್ಟಿಡಲಾಗದು. ಭಾರತಕ್ಕೆ ಕರೆದೊಯ್ಯಲು ರೇಬಿಸ್ ಲಸಿಕೆಯ ದಾಖಲೆ, ಆರೋಗ್ಯ ಪತ್ರ, ಪ್ರಾಣಿ ಕ್ವಾರಂಟೈನ್ ಕಚೇರಿಯ ಅನುಮತಿ ಎಲ್ಲ ಬೇಕು. ಇವಕ್ಕೆ ಸಮಯವೂ ಹಣವೂ ಹಿಡಿಯುತ್ತವೆ.

ಆದ್ದರಿಂದ ಮಕ್ಕಳು ನಾಯಿ ಬೇಕೆಂದು ಹಟ ಹಿಡಿದಾಗ ಮೊದಲು ನಮ್ಮ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆಯೋಣ. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅದರಲ್ಲಿ ಖಾಲಿ ಸಿಗದಿದ್ದರೆ, ನಮಗೆ ತಕ್ಕದ್ದು ಆರೇಳು ವರ್ಷದ ಶಾಂತ ನಾಯಿ. ಸಿಕ್ಕಿದರೆ, ಶೆಲ್ಟರ್‌ನಲ್ಲಿ ಮರಿಗಳನ್ನು ದಾಟಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗೋಣ. ಬಹಳ ದಿನಗಳಿಂದ ಓಡಲು ಕಾದಿರುವ ನಾಯಿ ಅಲ್ಲೇ ಇರುತ್ತದೆ.