ಸ್ವಾಗತಗೀತೆಯೂ ಎಂಜಲೆಲೆಯೂ

ಮೈಸೂರಿನ ಹಾದಿಯಲ್ಲಿ ರಾಮನಗರವನ್ನು ದಾಟಿ, ಕೆಂಗಲ್ಲಿನ ಆಂಜನೇಯನಿಗೆ ಕೈಮುಗಿದು ಮುಂದುವರಿದರೆ ಚನ್ನಪಟ್ಟಣವು ಸಿಕ್ಕುತ್ತದೆ. ಬಣ್ಣದ ಬೊಂಬೆಗಳಿಂದ ಈ ಊರನ್ನು ಬಲ್ಲವರು ಬಹು ಮಂದಿ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಇಲ್ಲಿ ಎಳೆಯುತ್ತಿದ್ದರೆಂದೂ, ಅದು ದೂರದ ಪ್ರಾಂತಗಳಿಗೆ ಹೋಗುತ್ತಿತ್ತೆಂದೂ 1800ರಲ್ಲಿ ಬಂದ ಬುಕನನ್ ಎಂಬ ಪ್ರವಾಸಿಯು ಬರೆದಿಟ್ಟುದನ್ನು ಬಲ್ಲವರು ಕಡಮೆ. ತಂತಿಯನ್ನೆಳೆದವನ ಹೆಸರು ಯಾವ ಕಚೇರಿಯಲ್ಲಿಯೂ ಕೇಳಿಬರುವುದಿಲ್ಲ. ಸಂಗೀತವು ಎಲ್ಲರಿಗೂ ಬೇಕು. ಅದಕ್ಕಾಗಿ ದುಡಿದವರನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳುವ ಮಾತು ಬೇರೆ. ಇದು ಗಂಗೂಬಾಯಿ ಹಾನಗಲ್ ಅವರ ಬಾಲ್ಯದ ನೆನಪುಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಈಕೆಯ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಅಬ್ದುಲ್ ಕರೀಂಖಾನರಂತಹ ವಿದ್ವಾಂಸರು ಆಕೆಯ ಹಾಡನ್ನು ಕೇಳಲು ಮನೆಗೆ ಬರುತ್ತಿದ್ದರು. ಮಗಳು ಹಿಂದೂಸ್ಥಾನಿ ಪದ್ಧತಿಯನ್ನು ಕಲಿಯತೊಡಗಿದಾಗ, ಎರಡು ಪದ್ಧತಿಗಳು ಆ ಎಳೆಯ ಕಿವಿಯಲ್ಲಿ ಬೆರೆತುಹೋಗಬಾರದೆಂದು ತಾಯಿಯು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಮಕ್ಕಳ ವಿದ್ಯೆಗಾಗಿ ಒಡವೆ ಮಾರಿದ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಕಂಠವನ್ನೇ ತೆತ್ತವರನ್ನು ನಾನಂತೂ ಬೇರೆ ಕಾಣೆ.

ಮನೆಯೊಳಗೆ ಇಷ್ಟು ಮನ್ನಣೆಯ ವಿದ್ಯೆ. ಹೊರಗೆ, ಹಾಡುವವರ ಮನೆಯ ಹುಡುಗಿಯೆಂಬ ಹೀಯಾಳಿಕೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ಗಾಂಧಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ನಮ್ಮ ಮೈಸೂರಿನ ವೀಣೆ ಶೇಷಣ್ಣನವರೂ ಅಲ್ಲಿ ನುಡಿಸಿದರು. ಸ್ವಾಗತಗೀತೆಯನ್ನು ಹಾಡಿದವರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಅಷ್ಟು ದೊಡ್ಡ ಸಭೆಯೆದುರು ಹಾಡುವುದಕ್ಕೆ ಆಕೆಗೆ ಅಳುಕಿರಲಿಲ್ಲವಂತೆ. ಅಳುಕಿದ್ದುದು ಊಟದ ವಿಷಯದಲ್ಲಿ: ಕೀಳೆನಿಸಿಕೊಂಡ ಜಾತಿಯವಳಾದ ತನಗೆ, ಎಲ್ಲರೂ ಉಂಡೆದ್ದ ಮೇಲೆ ಎಂಜಲೆಲೆಗಳನ್ನು ಎತ್ತೆಂದು ಹೇಳಿಬಿಟ್ಟರೆ?

ಈ ಭಯವನ್ನು ಮಗುವಿನ ಕಲ್ಪನೆಯೆಂದು ನಕ್ಕುಬಿಡುವಂತಿಲ್ಲ. ಎಂಜಲೆತ್ತುವ ಕೆಲಸವು ಹೊಟ್ಟೆಪಾಡಿನದಲ್ಲ, ಹುಟ್ಟಿನದು ಎಂದು ನಮ್ಮ ಸಮಾಜವು ಗೊತ್ತುಮಾಡಿಟ್ಟಿತ್ತು. ಕುತೂಹಲದ ಸಂಗತಿಯೆಂದರೆ, ಅದೇ ಬೆಳಗಾವಿಯಲ್ಲಿ ಆ ಗೊತ್ತುಪಾಡನ್ನು ಮುರಿಯುವ ಪ್ರಯತ್ನವೂ ನಡೆದಿತ್ತು. ಡಾಕ್ಟರ್ ನಾ. ಸು. ಹರ್ಡೀಕರರು ಅದಕ್ಕೆ ಒಂದು ವರ್ಷ ಮೊದಲು ಹಿಂದೂಸ್ಥಾನಿ ಸೇವಾದಳವನ್ನು ಆರಂಭಿಸಿದ್ದರು. ಶುಚಿತ್ವದ ಹೊಣೆಯನ್ನು ಕಾಕಾ ಕಾಲೇಲ್ಕರರು ಹೊತ್ತಿದ್ದು, ಬ್ರಾಹ್ಮಣ ತರುಣರೂ ಸ್ವಯಂಸೇವಕರಾಗಿ ಪೊರಕೆ ಹಿಡಿದರು. ಒಬ್ಬನು ತಾನಾಗಿ ಎತ್ತಿದರೆ ಸೇವೆ. ಅದನ್ನೇ ಇನ್ನೊಬ್ಬಳಿಂದ ಎತ್ತಿಸಿದರೆ ಅವಮಾನ. ಎಲೆ ಅದೇ. ಸಮಾಜಸೇವೆಯನ್ನು ಕುರಿತು ಕಾಲೇಜಿನಲ್ಲಿ ನಾವು ಮಾಡುವ ಉಪನ್ಯಾಸಗಳಲ್ಲಿ ಈ ವ್ಯತ್ಯಾಸವು ಬಹುಮಟ್ಟಿಗೆ ತಪ್ಪಿಹೋಗುತ್ತದೆ. ನನ್ನವೂ ಅದಕ್ಕೆ ಹೊರತಲ್ಲ.

ಮುಂದೆ ಈಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತುದು, ಖ್ಯಾತಿ ಪಡೆದುದು ಎಲ್ಲರೂ ಬಲ್ಲ ಕಥೆ. ಬಾಲ್ಯದಲ್ಲಿ ಮಾವಿನಕಾಯಿಗಾಗಿ ನುಗ್ಗಿದಾಗ ಅಟ್ಟಿದ ತೋಟದವರೇ ಮುಂದೆ ತಮ್ಮನ್ನು ಮನೆಗೆ ಕರೆದು ಔತಣವಿಕ್ಕಿದರೆಂದು ಆಕೆ ನೆನೆಯುತ್ತಿದ್ದರು. ಆ ಮಾತಿನಲ್ಲಿ ಕಹಿಗಿಂತ ಬೆರಗೇ ಹೆಚ್ಚು. 2009ರ ಜುಲೈ 21ರಂದು ತೀರಿಕೊಂಡಾಗ ಅವರಿಗೆ ತೊಂಬತ್ತಾರು ವರ್ಷ. ಕಣ್ಣುಗಳನ್ನು ದಾನವಾಗಿ ಬಿಟ್ಟುಹೋದರು.