ಪೆಟ್ಟಿನ ಪಕ್ಕದ ನಗೆ

ಬರಿಗೈ ಕಾಳಗದ ವರಸೆಗಳನ್ನೇ ಕಥೆಯ ಜೀವಾಳವಾಗಿಸಿಕೊಂಡ ಹಾಂಗ್‌ಕಾಂಗ್‌ನ ಕುಂಗ್‌ಫು ಚಿತ್ರಗಳಲ್ಲಿ ನಗಿಸುವ ಪೋಷಕ ನಟನಿಗೆ ಒಂದು ಕಾಯಂ ಜಾಗವಿತ್ತು. 1978ರ ‘ಡ್ರಂಕನ್ ಮಾಸ್ಟರ್’ನಲ್ಲಿ ಜಾಕಿ ಚಾನ್ ಎದುರು ಬಿಂಕದ ಉಪಗುರುವಾಗಿ ಕಾಣಿಸಿಕೊಂಡ ಡೀನ್ ಶೇಕ್ ಅದಕ್ಕೆ ಒಳ್ಳೆಯ ನಿದರ್ಶನ. ಕನ್ನಡದಲ್ಲಿ ಅಂಥ ಜಾಗವನ್ನು ಎರಡು ದಶಕ ಮೊದಲೇ ತುಂಬಿದವರು ತಿಪಟೂರಿನ ಟಿ.ಆರ್. ನರಸಿಂಹರಾಜು, ಆದರೆ ಆ ಜಾಗವನ್ನು ಸಿನಿಮಾ ಹುಟ್ಟಿಸಿದ್ದಲ್ಲ.

ಮಂಡ್ಯ ಸೀಮೆಗೆ ಹೊಸದಲ್ಲದ ಮೂಡಲಪಾಯದಲ್ಲಿ, ಅಂದರೆ ಬಯಲುಸೀಮೆಯ ಯಕ್ಷಗಾನದಲ್ಲಿ, ವೀರವೇಷಗಳು ರಂಗಕ್ಕೆ ಬರುವ ಮೊದಲೇ ಕೋಡಂಗಿಯೆಂಬ ನಗೆವೇಷ ಕುಣಿದು ಹೋಗುತ್ತದೆ. ಊರೂರು ಅಲೆದು ಟಿಕೆಟ್ ಇಟ್ಟು ಆಡುತ್ತಿದ್ದ ಕಂಪನಿ ನಾಟಕಗಳಲ್ಲಂತೂ ಹಾಸ್ಯಗಾರನದು ನಾಯಕನಷ್ಟೇ ಗಟ್ಟಿಯಾದ ಸ್ಥಾನ. ಗುಬ್ಬಿ ವೀರಣ್ಣನವರು ಕಂಪನಿಯ ಒಡೆಯರಾಗಿದ್ದೂ ಹೆಸರು ಮಾಡಿದ್ದು ಹಾಸ್ಯಪಾತ್ರಗಳಿಂದಲೇ.

ಅಂಥ ರಂಗಭೂಮಿಯಲ್ಲಿ ಪಳಗಿದ ನರಸಿಂಹರಾಜು, ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ದಲ್ಲಿಯೇ (1954) ತೆರೆಗೆ ಬಂದರು. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಅವರೊಡನೆ ತಾವೂ ಪಾಲುಗೊಂಡು ತೆಗೆದ ‘ರಣಧೀರ ಕಂಠೀರವ’ (1960), ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಯ ಜಟ್ಟಿಯನ್ನು ಮಲ್ಲಯುದ್ಧದಲ್ಲಿ, ಎಂದರೆ ಕುಸ್ತಿಯಲ್ಲಿ, ಕೆಡವಿದರೆಂಬ ಐತಿಹ್ಯವನ್ನು ತೆರೆಗೆ ತಂದಿತು. ಕುಂಗ್‌ಫುವಿಗೆ ಸಮನಾದ ಕನ್ನಡದ ಕಸುಬು ಗರಡಿಮನೆಯದೇ ಎಂಬುದನ್ನು ಈ ಚಿತ್ರ ನೆನಪಿಸುತ್ತದೆ. ‘ಸತ್ಯ ಹರಿಶ್ಚಂದ್ರ’ದಲ್ಲಿ (1965) ನಿಜಜೀವನದ ಪೈಲ್ವಾನ ಎಂ.ಪಿ. ಶಂಕರ್ ವೀರಬಾಹುವಾಗಿ ಅಬ್ಬರಿಸಿದರೆ, ಸಾಲ ವಸೂಲಿಗೆಂದು ರಾಜನ ಬೆನ್ನು ಹತ್ತಿದ ನಕ್ಷತ್ರಿಕನಾಗಿ ನರಸಿಂಹರಾಜು ಬರೀ ಮಾತಿನಿಂದ ಕಾಡಿದರು, ಮತ್ತು ಕಾಟದಲ್ಲಿ ಗೆದ್ದದ್ದು ಮಾತೇ ಎನ್ನಬೇಕು.

ಪತ್ತೇದಾರಿ ಸಾಹಸಗಳ ಕಾಲ ಬಂದಾಗಲೂ ಪೆಟ್ಟು–ನಗೆಗಳ ಈ ಜೋಡಿ ಬೇರೆಯಾಗಲಿಲ್ಲ. ದೊರೆ–ಭಗವಾನ್ ನಿರ್ದೇಶನದ ‘ಜೇಡರ ಬಲೆ’ಯಲ್ಲಿ (1968) ರಾಜ್‌ಕುಮಾರ್ ಪಿಸ್ತೂಲು ಹಿಡಿದರೆ, ನಗೆಯ ಹೊಣೆ ಮತ್ತೆ ನರಸಿಂಹರಾಜು ಅವರದೇ ಆಯಿತು. ಸಣಕಲು ಮೈ, ಉಬ್ಬುಹಲ್ಲುಗಳ ಈ ನಟನಿಗೆ ಹೊಡೆಯುವ ಕಟ್ಟುಮಸ್ತಿರಲಿಲ್ಲ, ಆದರೆ ಪಕ್ಕದವನು ನಡುಗಿದಷ್ಟೂ ನಾಯಕನ ಏಟಿಗೆ ತೂಕ ಬರುತ್ತದೆಂಬ ಲೆಕ್ಕ ಚೆನ್ನಾಗಿ ತಿಳಿದಿತ್ತು. 1974ರ ‘ಪ್ರೊಫೆಸರ್ ಹುಚ್ಚೂರಾಯ’ದಲ್ಲಿ ಅವರೇ ನಡುರಂಗಕ್ಕೆ ಬಂದರು.

ಅವರು ತೀರಿಕೊಂಡದ್ದು 1979ರಲ್ಲಿ. ಅದರ ಹಿಂದಿನ ವರ್ಷ ಹುಣಸೂರಿನ ದ್ವಾರಕೀಶ್, ವಿಷ್ಣುವರ್ಧನ್ ಜೊತೆ ನಟಿಸಿ ತಾವೇ ನಿರ್ಮಿಸಿದ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ದಲ್ಲಿ ಹಾಸ್ಯಗಾರರಾಗಿ ತಮಗಿದ್ದ ‘ಕುಳ್ಳ’ ಎಂಬ ಅಡ್ಡಹೆಸರನ್ನು ಚಿತ್ರದ ಶೀರ್ಷಿಕೆಗೇ ಏರಿಸಿದ್ದರು.